ಎಂಬತ್ತಾರನೇ ಟೋಕನ್ನು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಮೂಗಿನವರೆಗೆ ಹೋಗುವಷ್ಟು ಪುರುಸೊತ್ತು ಅದಕ್ಕೆಲ್ಲಿದೆ, ನಾಲಿಗೆಯ ಮೇಲೇ ಠಿಕಾಣಿ ಹೂಡಿದೆ. ಅಂಥವನು ಒಂದು ಶನಿವಾರ ಮಧ್ಯಾಹ್ನ ಪಿಜ್ಜಾ ಅಂಗಡಿಯ ಪಾರ್ಸೆಲ್ ಕೌಂಟರಿನ ಮುಂದೆ ಒಂದೂವರೆ ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಕಾರಣ ನನ್ನ ಪಕ್ಕದಲ್ಲೇ ಕೂತಿತ್ತು. ಒಂಬತ್ತು ವರ್ಷ, ಎರಡು ಜಡೆ, ಮುಂದಿನ ಒಂದು ಹಲ್ಲು ಅರ್ಧ ಬಂದಿದೆ. ನನ್ನ ಮಗಳು. ಶನಿವಾರ ಒಂದು ಗಂಟೆಯಿಂದ ಮೂರು ಗಂಟೆಯವರೆಗೆ ಮಾತ್ರ ನನ್ನ ಮಗಳು, ಉಳಿದ ಹೊತ್ತೆಲ್ಲ ಅವಳ ಅಮ್ಮನ ಮಗಳು. ಕೋರ್ಟಿನ ಕಾಗದದಲ್ಲಿ ಹಾಗೆಯೇ ಬರೆದಿದೆ. ಅದೇ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲೂ ಇದೆ. ಮಗುವನ್ನು ವಾಪಸ್ಸು ಬಿಡುವಾಗ ಮೂರು ಸಲ ತಡವಾದರೆ ಈ ಶನಿವಾರಗಳು ರದ್ದು. ಆಮೇಲೆ ತಿಂಗಳಿಗೊಮ್ಮೆ, ಒಂದು ಗಂಟೆ, ಕಚೇರಿಯ ಒಂದು ಕೋಣೆಯಲ್ಲಿ, ಎದುರಿಗೆ ಪೆನ್ನು ಹಿಡಿದ ಒಬ್ಬ ಮೇಡಂ ಕೂತಿರುವಾಗ ಅಪ್ಪ ಮಗಳು ಮಾತಾಡಬೇಕು.

ನನಗೆ ಆಗಲೇ ಎರಡು ಸಲ ತಡವಾಗಿತ್ತು. ಈ ಮೂರನೇ ಸಲದ ವಿಷಯ ಮಗಳಿಗೆ ಗೊತ್ತಿಲ್ಲ. ಅವಳಿಗೆ ಹೇಳಬಾರದು ಎಂಬ ಒಂದು ಮಾತಿನಲ್ಲಿ ಮಾತ್ರ ನಾನೂ ಅವಳ ಅಮ್ಮನೂ ಜಗಳವಿಲ್ಲದೆ ಒಪ್ಪಿದ್ದೆವು.

ಎರಡು ಸಲವೂ ತಡವಾದದ್ದು ನನ್ನ ಕೆಲಸದಿಂದ. ನಾನು ಲಿಫ್ಟ್ ಮೆಕ್ಯಾನಿಕ್. ಲಿಫ್ಟು ನಡುವೆ ನಿಂತಾಗ ಒಳಗೆ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವವನು. ಇಪ್ಪತ್ತು ವರ್ಷದಿಂದ ಇದೇ ಕಸುಬು. ಬಾಗಿಲಿನ ಆಚೆಯಿಂದ ನಾನು ಮೊದಲು ಹೇಳುವುದು ಒಂದೇ ಮಾತು: "ಕೂತ್ಕೊಳ್ಳಿ. ಬಾಗಿಲು ಬಡೀಬೇಡಿ. ಒಬ್ಬರಿಗೊಬ್ಬರು ಮಾತಾಡ್ತಾ ಇರಿ." ಬಾಗಿಲು ಬಡಿದವರು ಬೇಗ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಎರಡನೇ ಸಲ ತಡವಾದ ದಿನ ಮಗಳನ್ನೂ ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗಿದ್ದೆ. ಏಳು ಮಹಡಿಯ ಕಟ್ಟಡ, ಲಿಫ್ಟು ಮೂರು ಮತ್ತು ನಾಲ್ಕರ ನಡುವೆ ನಿಂತಿತ್ತು. ಒಳಗೆ ಇಬ್ಬರು, ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬಳು ದಂತವೈದ್ಯೆ. ಒಂದೇ ಕಟ್ಟಡದಲ್ಲಿ ಹತ್ತು ವರ್ಷ ಇದ್ದೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕವರಲ್ಲ. ನಲವತ್ತು ನಿಮಿಷ ಹೆಣಗಾಡಿ, ಬೆವರಿಳಿಸಿಕೊಂಡು ಬಾಗಿಲು ತೆಗೆದರೆ ಇಬ್ಬರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ! ಮೇಷ್ಟ್ರು ನನ್ನತ್ತ ಕೈ ಎತ್ತಿ, "ಒಂದ್ನಿಮಿಷ ತಡಿಯಪ್ಪಾ, ಡಾಕ್ಟ್ರಮ್ಮನ ಕತೆ ಮುಗೀಲಿ" ಎಂದರು. ಮೆಟ್ಟಿಲ ಮೇಲೆ ಕೂತಿದ್ದ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ಕೂಟರಿನಲ್ಲಿ ಕೇಳಿದಳು, "ಅಪ್ಪಾ, ಸಿಕ್ಕಿಹಾಕ್ಕೊಂಡ್ರೆ ಎಲ್ಲರೂ ಫ್ರೆಂಡ್ಸ್ ಆಗ್ತಾರಾ?" ನಾನು ಗಡಿಯಾರ ನೋಡುವ ಗಡಿಬಿಡಿಯಲ್ಲಿ, "ಹೂಂ ಮತ್ತೆ. ಬೇರೆ ಕೆಲಸ ಏನಿರತ್ತೆ ಅಲ್ಲಿ" ಎಂದಿದ್ದೆ. ಆಡಿದ ಮಾತು, ಒಡೆದ ಮುತ್ತು.

ಸರಿ, ಈಗ ಪಿಜ್ಜಾ ಅಂಗಡಿಗೆ ಬರೋಣ. ಮಗಳು ಒಂದು ತಿಂಗಳಿಂದ ಅದೇ ಅಂಗಡಿಯದ್ದೇ ಬೇಕೆಂದು ಪ್ರಾಣ ತಿಂದಿದ್ದಳು. ಒಳಗೆ ಕಾಲಿಟ್ಟಾಗ ಒಂದೂ ಇಪ್ಪತ್ತು. ಕೂರುವ ಮೇಜುಗಳೆಲ್ಲ ಭರ್ತಿ. ಮೂಲೆಯಲ್ಲಿ ಮೂರು ಮೇಜು ಜೋಡಿಸಿಕೊಂಡು ಯಾರದೋ ಹುಟ್ಟುಹಬ್ಬ, ಮೂವತ್ತು ಜನ, ಮೂವತ್ತು ಗಂಟಲು. ಪಾರ್ಸೆಲ್ಲಿಗೆ ಬೇರೆ ಕೌಂಟರು. ಶನಿವಾರದ ನೂಕುನುಗ್ಗಲಿಗೆ ಅವರು ಮಾಡಿಕೊಂಡ ಏರ್ಪಾಡು ಹೀಗೆ: ಪಾರ್ಸೆಲ್ಲಿಗೆ ಒಂದೇ ಬಗೆಯ ಪಿಜ್ಜಾ, ಟೊಮೇಟೊ ಮತ್ತು ಚೀಸ್, ಒಂದೇ ಅಳತೆ. ಅದು ಬೇಕು ಇದು ಬೇಡ ಎಂಬ ಮಾತೇ ಇಲ್ಲ. ಒಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ, ಅದರ ಮೇಲೆ ನಂಬರು. ಗೋಡೆಯ ಮೇಲಿನ ಕೆಂಪು ದೀಪದಲ್ಲಿ ಆ ನಂಬರು ಬಂದಾಗ ಬಿಲ್ಲೆ ಕೊಟ್ಟು ಡಬ್ಬಿ ತೆಗೆದುಕೊಳ್ಳಬೇಕು. ಬಿಲ್ಲೆ ಯಾರ ಕೈಯಲ್ಲಿದೆಯೋ ಪಿಜ್ಜಾ ಅವರದು. ನಾವು ಹೋದಾಗ ದೀಪದಲ್ಲಿ ಐವತ್ತೆಂಟು ಇತ್ತು.

ಕೌಂಟರಿನಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಬಿಲ್ಲೆ ಚಾಚುವುದಕ್ಕೂ ನನ್ನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. "ನಾನ್ ಇಟ್ಕೋತೀನಿ" ಎಂದು ಮಗಳೇ ಬಿಲ್ಲೆ ಇಸಿದುಕೊಂಡಳು. ಫೋನಿನಲ್ಲಿ ನನ್ನ ಕೈಕೆಳಗಿನ ಮೆಕ್ಯಾನಿಕ್. ಎಲ್ಲೋ ಲಿಫ್ಟು ನಿಂತಿದೆ, ಬ್ರೇಕು ಬಿಡುತ್ತಿಲ್ಲ, ಅವನಿಗೆ ಕೈಕಾಲು ಆಡುತ್ತಿಲ್ಲ. "ಇವತ್ತು ನಾನು ಬರಲ್ಲ, ಸತ್ತರೂ ಬರಲ್ಲ, ಅಲ್ಲೇ ನಿಂತು ನಾನ್ ಹೇಳಿದ್ಹಾಗೆ ಮಾಡು" ಎಂದು ಹೊರಗೆ ಫುಟ್‌ಪಾತಿನಲ್ಲಿ ನಿಂತು ಕಾಲು ಗಂಟೆ ಅವನಿಗೆ ಫೋನಿನಲ್ಲೇ ಕೆಲಸ ಮಾಡಿಸಿದೆ. ನಾನು ಕೂಗಾಡುತ್ತಿರುವಾಗ ಒಬ್ಬ ಕೆಂಪು ಅಂಗಿಯವನು ಬಂದು ನನ್ನ ಸ್ಕೂಟರಿಗೆ ಒತ್ತಿಕೊಂಡೇ ತನ್ನ ಗಾಡಿ ನಿಲ್ಲಿಸಿ ಒಳಗೆ ಹೋದ. ಅವನ ಮುಖ ನೆನಪಿಟ್ಟುಕೊಂಡೆ.

ಒಳಗೆ ಬಂದು, "ನಮ್ಮ ನಂಬರ್ ಎಷ್ಟು ಮರಿ?" ಎಂದೆ.

"ಎಂಬತ್ತಾರು."

"ಎಂಬತ್ತಾರಾ! ದೀಪದಲ್ಲಿ ಅರವತ್ತಮೂರು. ಹುಡುಗಾಟನಾ ಇದು?"

"ಬರತ್ತೆ ಬಿಡಪ್ಪ. ಕೂತ್ಕೋ."

ಗೋಡೆಗೆ ಒರಗಿಸಿದ ಒಂದು ಉದ್ದನೆಯ ಬೆಂಚು. ಕೂತೆ. ನನ್ನ ಆ ಕಡೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜಿ ಕೂತಿದ್ದರು. ಸ್ವಲ್ಪ ಹೊತ್ತಿಗೇ ಅವರಿಗೆ ಡಬ್ಬಿ ಸಿಕ್ಕಿತು. ಹೋಗುವಾಗ ನನ್ನ ಮಗಳ ಕೆನ್ನೆ ಸವರಿ, "ನೂರು ವರ್ಷ ಬಾಳು ಕಂದಾ" ಎಂದರು. ಮಗಳನ್ನು ಕಂಡರೆ ಎಲ್ಲರಿಗೂ ಮುದ್ದು ಎಂದು ನಾನು ಬೀಗಿದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಎಂಥಾ ಅಂಗಡಿ ರೀ ಅದು! ಒಲೆಯವನು ಉದ್ದನೆಯ ಸಲಿಕೆಯಲ್ಲಿ ಮೂರು ಪಿಜ್ಜಾ ಹೊರಗೆಳೆದರೆ ಮೂರೂ ಮೇಜುಗಳಿಗೆ ಹೋಗುತ್ತವೆ. ಆಮೇಲೆ ಏನೋ ಮರೆತಿದ್ದು ನೆನಪಾದವನ ಹಾಗೆ ನಮ್ಮ ಕಡೆಗೆ ಒಂದು ತಳ್ಳುತ್ತಾನೆ. ಕನ್ನಡಕದ ಹೆಂಗಸು ಅದನ್ನು ಕತ್ತರಿಸಿ, ಡಬ್ಬಿಗೆ ಹಾಕಿ, ಡಬ್ಬಿಯ ನಾಲ್ಕು ಕಿವಿ ಮಡಚಿ, ಒಂದೊಂದು ಕಿವಿಯನ್ನೂ ಬೆರಳಿಂದ ಒತ್ತಿ, ಆಮೇಲೆ ಗುಂಡಿ ಅಮುಕುತ್ತಾಳೆ. ದೀಪ ಬದಲಾಗುತ್ತದೆ. ನಿಂತ ಲಿಫ್ಟನ್ನು ಕೈಯಲ್ಲಿ ಚಕ್ರ ತಿರುಗಿಸಿ ಇಳಿಸಿದರೂ ಇದಕ್ಕಿಂತ ಬೇಗ ಇಳಿಯುತ್ತದೆ.

ಎರಡು ಗಂಟೆ ಐದು ನಿಮಿಷಕ್ಕೆ ಎಪ್ಪತ್ತೊಂದು ಬಂತು. ಎದ್ದು ಹೋಗಿ ಡಬ್ಬಿ ತೆಗೆದುಕೊಂಡವನು ಯಾರು? ಕೆಂಪು ಅಂಗಿ! ನನ್ನ ಕಣ್ಣೆದುರಿಗೇ ನನಗಿಂತ ಆಮೇಲೆ ಬಂದವನು! ನಾನು ಅರ್ಧ ಎದ್ದೆ. ಮಗಳು ನನ್ನ ಅಂಗಿಯ ತುದಿ ಹಿಡಿದು ಎಳೆದಳು.

"ಅಪ್ಪಾ. ಬಾಗಿಲು ಬಡೀಬಾರ್ದು."

"ಏನು?"

"ನೀನೇ ಹೇಳ್ತೀಯಲ್ಲ. ಕೂತ್ಕೋಬೇಕು, ಬಾಗಿಲು ಬಡೀಬಾರ್ದು, ಮಾತಾಡ್ತಾ ಇರಬೇಕು."

ನನ್ನ ಅಸ್ತ್ರ ನನಗೇ ತಿರುಗಿತ್ತು. ಕೂತೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ನಾನು ಕೊಯ್ದುಕೊಂಡ ಮೂಗುಗಳಿಗೆ ಲೆಕ್ಕವಿಲ್ಲ, ಇದೊಂದು ಉಳಿಯಲಿ ಎಂದುಕೊಂಡೆ.

ಮಾತಾಡಿದೆವು. ಅವಳು ಶಾಲೆಯ ಸುದ್ದಿ ಹೇಳಿದಳು. ಅವಳ ಬೆಂಚಿನ ಹುಡುಗಿ ಮಾತು ಬಿಟ್ಟಿದ್ದಾಳಂತೆ, ಕಾರಣ ಒಂದು ರಬ್ಬರು. ವಿಜ್ಞಾನದ ಮೇಡಂ ಸೀನಿದರೆ ಕಿಟಕಿ ಗಾಜು ಅದುರುತ್ತದಂತೆ. ಅದನ್ನು ಎದ್ದು ನಿಂತು ಮಾಡಿ ತೋರಿಸಿದಳು, ಪಕ್ಕದವರೆಲ್ಲ ನಕ್ಕರು. ನನ್ನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಗ್ರೀಸಿನ ಕಪ್ಪು ಕೂತ ಗೆರೆಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆಯುತ್ತಾ, "ಇದು ಯಾವ ಲಿಫ್ಟಿಂದು? ಇದು ಯಾವ ಲಿಫ್ಟಿಂದು?" ಎಂದು ಕೇಳಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ. ನಿಜ ಹೇಳುತ್ತೇನೆ, ಅಷ್ಟು ಹೊತ್ತು ನಾವಿಬ್ಬರೂ ಒಂದೇ ಕಡೆ ಕೂತದ್ದು ಅದೇ ಮೊದಲು. ಉಳಿದ ಶನಿವಾರಗಳಲ್ಲಿ ಪಾರ್ಕು, ಅಲ್ಲಿಂದ ಅಂಗಡಿ, ಅಲ್ಲಿಂದ ಇನ್ನೊಂದು ಅಂಗಡಿ, ನಡುವೆ ನನ್ನ ಫೋನು. ಆದರೆ ನಾನು ಆ ಸುಖವನ್ನು ಅನುಭವಿಸಿದೆನೇ? ಎಲ್ಲಿಂದ? ಒಂದು ಕಣ್ಣು ದೀಪದ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ.

ಅವಳ ಅಮ್ಮನ ಮನೆಗೆ ಅಲ್ಲಿಂದ ಹತ್ತು ಹನ್ನೆರಡು ನಿಮಿಷದ ದಾರಿ. ಎರಡೂ ನಲವತ್ತೆಂಟಕ್ಕಾದರೂ ಹೊರಡಲೇಬೇಕು. ಎರಡೂ ನಲವತ್ತಕ್ಕೆ ದೀಪದಲ್ಲಿ ಎಂಬತ್ತೆರಡು.

"ಏಳು ಮರಿ, ಹೋಗೋಣ. ದಾರೀಲಿ ಬನ್ನೋ ಬಿಸ್ಕತ್ತೋ ಏನಾದ್ರೂ ಕೊಡಿಸ್ತೀನಿ."

ಅವಳ ಮುಖ ಬಾಡಿತು. "ನಾಲ್ಕೇ ನಂಬರ್ ಅಪ್ಪಾ."

ಅತ್ತ ದರಿ, ಇತ್ತ ಪುಲಿ. ಹಿಂದಿನ ಸಲ ಮಗುವನ್ನು ಹಸಿದ ಹೊಟ್ಟೆಯಲ್ಲಿ ವಾಪಸ್ಸು ಬಿಟ್ಟೆನೆಂದು ಅವಳ ಅಮ್ಮ ಅಂದದ್ದು ಇನ್ನೂ ಕಿವಿಯಲ್ಲಿತ್ತು. ಒಂದು ತಿಂಗಳು ಕೇಳಿದ್ದನ್ನು ಇಷ್ಟು ಹೊತ್ತು ಕಾಯಿಸಿ ಕೊಡಿಸದೆ ಹೋದರೆ ನಾನೆಂಥಾ ಅಪ್ಪ? ನಾಲ್ಕು ನಂಬರು, ನಂಬರಿಗೆ ಎರಡು ನಿಮಿಷ, ಎಂಟು ನಿಮಿಷ. ಸರಿಹೋಗುತ್ತದೆ ಎಂದುಕೊಂಡೆ. ಕೂತೆ.

ಎಂಬತ್ತಮೂರು ಬಂತು. ಎಂಬತ್ತನಾಲ್ಕು ಬಂತು. ಎಂಬತ್ತೈದು ಬಂತು. ಆಗ ಹುಟ್ಟುಹಬ್ಬದ ಮೇಜಿನವರು ಇನ್ನೊಂದು ಸುತ್ತು ಹೇಳಿದರು ನೋಡಿ! ಒಲೆಯಿಂದ ಮೂರು ಪಿಜ್ಜಾ ಅವರಿಗೆ ಹೋದವು. ಮತ್ತೆ ಮೂರು ಅವರಿಗೇ ಹೋದವು. ಗಡಿಯಾರದಲ್ಲಿ ಎರಡೂ ಐವತ್ತು. ನನ್ನ ತಲೆಯೊಳಗೆ ಏನೋ ಪಟ್ ಎಂದಿತು. ಎದ್ದು ಹೋಗಿ ಕೌಂಟರಿನ ಮೇಲೆ ಕೈ ಬಡಿದೆ. ಹೌದು, ಬಾಗಿಲು ಬಡಿದೆ.

"ನ್ಯಾಯ ಅನ್ನೋದು ಇದ್ಯಾ ಇಲ್ಲಿ? ಒಂದೂ ಇಪ್ಪತ್ತಕ್ಕೆ ಬಂದಿದೀನಿ! ನನಗಿಂತ ಆಮೇಲೆ ಬಂದವರು ತಿಂದು, ಕೈ ತೊಳ್ಕೊಂಡು, ನಿದ್ದೆ ಮಾಡಿ ಎದ್ದಿರ್ತಾರೆ! ಆ ಕೆಂಪಂಗಿಯವನು ನಿಮಗೆ ಭಾವನಾ, ಮೈದುನನಾ?"

ಹುಟ್ಟುಹಬ್ಬದವರೂ ತಿರುಗಿ ನೋಡಿದರು.

ಕನ್ನಡಕದ ಹೆಂಗಸು ಹಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಬೆಳಗಿನಿಂದ ನಿಂತು ಅವಳ ಮುಖ ಸೋತಿತ್ತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ಸಾರ್. ನಾನು ನಿಮಗೆ ಕೊಟ್ಟಿದ್ದು ಅರವತ್ತನಾಲ್ಕು."

"ಸುಳ್ಳು! ನಮ್ಮದು ಎಂಬತ್ತಾರು."

"ನೀವು ಹೊರಗೆ ಫೋನಲ್ಲಿದ್ರಲ್ಲ, ಆಗ ನಿಮ್ಮ ಮಗಳು ಅದನ್ನ ಆ ಮಂಡಿನೋವಿನ ಅಜ್ಜಿಗೆ ಕೊಟ್ಟು ಅವರ ಎಪ್ಪತ್ತೊಂದು ಇಸ್ಕೊಂಡ್ಳು. ಆಮೇಲೆ ಆ ಕೆಂಪಂಗಿಯವರು ಬಂದ್ರು, ಅವರಿಗೆ ಎಪ್ಪತ್ತೊಂದು ಕೊಟ್ಟು ಎಂಬತ್ತಾರು ಇಸ್ಕೊಂಡ್ಳು. ನಾನು ಇಲ್ಲಿಂದ ಎಲ್ಲಾ ನೋಡ್ತಾನೇ ಇದ್ದೆ. ಎಷ್ಟು ಒಳ್ಳೆ ಮಗು, ಅಪ್ಪ ಚೆನ್ನಾಗಿ ಬೆಳೆಸಿದಾರೆ ಅಂದ್ಕೊಂಡೆ."

ಅಷ್ಟರಲ್ಲಿ ಒಲೆಯವನು ಒಂದು ಪಿಜ್ಜಾ ಈ ಕಡೆಗೆ ತಳ್ಳಿದ. ಅವಳು ಕತ್ತರಿಸಿ, ನಾಲ್ಕು ಕಿವಿ ಮಡಚಿ, ಒತ್ತಿ, ಗುಂಡಿ ಅಮುಕಿದಳು. ಎಂಬತ್ತಾರು. ಮಗಳು ನನ್ನ ಪಕ್ಕಕ್ಕೆ ಬಂದು, ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟು, ಎರಡೂ ಕೈಯಲ್ಲಿ ಡಬ್ಬಿ ಎತ್ತಿಕೊಂಡಳು. ನೆಲ ಬಾಯಿ ಬಿಡಬಾರದೇ ಎನಿಸಿತು. ಆ ಹೆಂಗಸಿಗೆ "ತಪ್ಪಾಯ್ತಮ್ಮ" ಎಂದೆ. ಅವಳು ಆಗಲೇ ಎಂಬತ್ತೇಳರ ಡಬ್ಬಿ ತೆರೆಯುತ್ತಿದ್ದಳು.

ಸ್ಕೂಟರು ಹತ್ತಿದಾಗ ಎರಡೂ ಐವತ್ತೈದು. ಅವಳು ಹಿಂದೆ ಕೂತು, ನಮ್ಮಿಬ್ಬರ ನಡುವೆ ಡಬ್ಬಿ ಇಟ್ಟುಕೊಂಡು ನನ್ನ ಸೊಂಟ ಹಿಡಿದಳು. ಡಬ್ಬಿಯ ಬಿಸಿ ಬೆನ್ನಿಗೆ ತಾಗುತ್ತಿತ್ತು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು.

"ಯಾಕೆ ಮರಿ ಹಾಗೆ ಮಾಡ್ದೆ?" ಕೂಗಬಾರದೆಂದು ಹಲ್ಲು ಕಚ್ಚಿ ಕೇಳಿದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ಬೆನ್ನಿನ ಹಿಂದಿನಿಂದ ಸಣ್ಣ ದನಿ. "ಪಿಜ್ಜಾ ಬಂದ್ರೆ ತಿಂದು ಹೊರಡ್ಬೇಕಲ್ಲ. ಬರದಿದ್ರೆ ನೀನು ಎಲ್ಲೂ ಹೋಗೋಕಾಗಲ್ಲ. ಕೂತ್ಕೋತೀಯ. ಮಾತಾಡ್ತೀಯ. ಆ ಲಿಫ್ಟಲ್ಲಿ ಅವರಿಬ್ಬರು ಕೂತಿದ್ರಲ್ಲ, ಹಾಗೆ."

ಸಿಗ್ನಲ್ಲು ಹಸಿರಾಯಿತು. ಹಿಂದಿನವನು ಹಾರ್ನು ಹೊಡೆದ. ಬೇರೆ ದಿನವಾಗಿದ್ದರೆ ಇಳಿದು ಅವನ ಜನ್ಮ ಜಾಲಾಡಿಬಿಡುತ್ತಿದ್ದೆ. ಅವನತ್ತ ತಿರುಗಲೂ ಇಲ್ಲ. ಗಾಡಿ ಬಿಟ್ಟೆ.

"ನಿಂಗೆ ಕೋಪ ಬಂತಾ?"

"ಇಲ್ಲ."

"ಅಮ್ಮ ಬೈತಾಳಾ?"

"ನಂಗೆ ಬೈತಾಳೆ. ನಿಂಗಲ್ಲ. ಕೇಳು, ಅಮ್ಮನ ಹತ್ರ ನಾನು ಮಾತಾಡ್ತೀನಿ. ಟೋಕನ್ ವಿಷಯ ನೀನು ಹೇಳ್ಬೇಡ."

"ಯಾಕೆ?"

"ಹೇಳ್ಬೇಡ ಅಂದ್ರೆ ಹೇಳ್ಬೇಡ."

ಹೇಳಿದರೆ ನನಗೆ ಅನುಕೂಲವಿತ್ತು. ಮಗು ಮಾಡಿದ್ದು, ಹೋಗಲಿ ಪಾಪ ಎಂದು ಅವಳ ಅಮ್ಮ ಈ ಸಲ ಬಿಟ್ಟರೂ ಬಿಡುತ್ತಿದ್ದಳು. ಬಿಡದಿದ್ದರೆ? ನನ್ನ ಶನಿವಾರಗಳನ್ನು ಕಳೆದದ್ದು ತಾನೇ ಎಂದು ಈ ಹುಡುಗಿ ಎಂದಾದರೂ ಒಂದು ದಿನ ತಿಳಿದುಕೊಳ್ಳುತ್ತಾಳೆ. ಅಪ್ಪನ ಜೊತೆ ಇರಬೇಕೆಂದು ಮಾಡಿದ ಕೆಲಸವೇ ಅಪ್ಪನನ್ನು ಕಳೆಯಿತು ಎಂದು. ಅಂಥ ಒಂದು ಕಲ್ಲನ್ನು ಒಂಬತ್ತು ವರ್ಷದ ತಲೆಯ ಮೇಲೆ ಹೊರಿಸಲೇ? ನನ್ನ ಕೈಲಾಗದು.

ಗೇಟಿನ ಬಳಿ ಅವಳ ಅಮ್ಮ ನಿಂತಿದ್ದಳು, ಕೈಯಲ್ಲಿ ಫೋನು. ಜೊತೆಗಿದ್ದಾಗ ನನ್ನನ್ನು 'ನೀನು' ಎನ್ನುತ್ತಿದ್ದವಳು ಬೇರೆಯಾದ ಮೇಲೆ 'ನೀವು' ಎನ್ನುತ್ತಾಳೆ. ಮರ್ಯಾದೆಯೂ ಚುಚ್ಚುತ್ತದೆ ಎಂದು ನನಗೆ ಆಗ ಗೊತ್ತಾಯಿತು.

"ಮೂರೂ ಏಳು" ಎಂದಳು.

ನಾನು ಗಾಡಿಗೆ ಸ್ಟ್ಯಾಂಡು ಹಾಕಿದೆ. ಅವಳೇ ಮುಂದುವರಿಸಿದಳು. "ಮೊದಲನೇ ಸಲ ಲಿಫ್ಟು. ಎರಡನೇ ಸಲ ಲಿಫ್ಟು. ಇವತ್ತು ಯಾರ ತಪ್ಪು, ಅಂಗಡಿಯವರದ್ದಾ? ನಿಮ್ಮ ತಪ್ಪು ಅಂತ ಯಾವತ್ತಾದ್ರೂ ಒಂದು ದಿನ ಇರತ್ತಾ?"

ಮಗಳು ಬಾಯಿ ತೆರೆದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ.

"ಇವತ್ತು ನನ್ನ ತಪ್ಪು" ಎಂದೆ. "ಫೋನಲ್ಲಿ ಮಾತಾಡ್ತಾ ನಿಂತಿದ್ದೆ. ನಂಬರ್ ಕೈತಪ್ಪಿ ಹೋಯ್ತು."

ಅವಳ ಅಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ನನ್ನ ಬಾಯಿಂದ ಕೇಳಿರಲಿಲ್ಲ. ಅವಳದ್ದೂ ತಪ್ಪಿಲ್ಲ. ಎಷ್ಟು ಸಂಜೆ ಅನ್ನ ಆರಿಹೋಗುವವರೆಗೆ ನನಗಾಗಿ ಕಾದಿದ್ದಾಳೋ ಅವಳಿಗೇ ಗೊತ್ತು. ಆ ಏಳು ನಿಮಿಷ ಬರೀ ಏಳು ನಿಮಿಷವಲ್ಲ.

"ಇದನ್ನ ಮೊದಲೇ ಹೇಳೋಕೆ ಕಲಿತಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು. "ಸೋಮವಾರ ಕಾಗದ ಕಳಿಸ್ತೀನಿ. ನಾನು ಮೊದಲೇ ಹೇಳಿದ್ದೆ."

"ಗೊತ್ತು."

ಅವಳು ಒಳಗೆ ನಡೆದಳು, ಗೇಟನ್ನು ಮಗಳಿಗಾಗಿ ತೆರೆದೇ ಬಿಟ್ಟು. ಮಗಳು ಡಬ್ಬಿ ತೆರೆದು ಒಂದು ತುಂಡು ಕಿತ್ತು, ಚೀಸು ಎಳೆಯೆಳೆಯಾಗಿ ಜಗ್ಗುತ್ತಿರುವಾಗಲೇ ನನ್ನ ಕೈಗಿಟ್ಟಳು. ಆಮೇಲೆ ಬಗ್ಗು ಎಂದು ಸನ್ನೆ ಮಾಡಿದಳು. ಬಗ್ಗಿದೆ. ಕಿವಿಯಲ್ಲಿ ಹೇಳಿದಳು:

"ಮುಂದಿನ ಶನಿವಾರ ಯಾರಿಗೂ ಟೋಕನ್ ಕೊಡಲ್ಲ ಅಪ್ಪಾ. ಪ್ರಾಮಿಸ್."

"ಆಯ್ತು ಮರಿ."

"ಒಂದು ಗಂಟೆಗೇ ಬಾ."

"ಒಂದು ಗಂಟೆಗೇ ಬರ್ತೀನಿ" ಎಂದೆ.